ಆಸ್ಪತ್ರೆಯ ಹೊಸ ಸಂಕೇತ ಸಂಖ್ಯೆಗಳು ಮತ್ತು ದಂಪತಿಗಳ ಕರ್ತವ್ಯ



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಅಥವಾ ಹೆಗ್ಗಡದೇವನಕೋಟೆಯ ಸರ್ಕಾರಿ ಆಸ್ಪತ್ರೆಗೆ ನೀವು ಒಂದಲ್ಲ ಒಂದು ಕಾರಣಕ್ಕೆ ಹೋಗಿಯೇ ಇರುತ್ತೀರಿ. ಗರ್ಭಿಣಿಯ ತಪಾಸಣೆ, ಹೆರಿಗೆ, ಮಗುವಿನ ಚುಚ್ಚುಮದ್ದು, ವಂಕಿ ಅಳವಡಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದೇ ಇರಲಿ, ವೈದ್ಯರು ನಿಮ್ಮನ್ನು ಪರೀಕ್ಷಿಸಿ ಕಂಡುದನ್ನು ಕಾಗದದ ಮೇಲೆ ಬರೆಯುತ್ತಾರೆ. ಒಳರೋಗಿಯು ಗುಣವಾಗಿ ಮನೆಗೆ ಮರಳಿದ ಮೇಲೆ ಆಕೆಯ ಕಡತವು ದಾಖಲೆಗಳ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಕಾಯಿಲೆಯ ಹೆಸರಿಗೆ ಒಂದು ಸಂಕೇತ ಸಂಖ್ಯೆಯನ್ನು ಕೊಡುವುದು ಕ್ರಮ.

ಈ ಸಂಖ್ಯೆಗಳ ಪಟ್ಟಿ ಈಗ ಜಗತ್ತಿನಾದ್ಯಂತ ಬದಲಾಗುತ್ತಿದೆ. ನಮ್ಮ ತಾಲ್ಲೂಕುಗಳ ಆಸ್ಪತ್ರೆಗಳೂ ಅದಕ್ಕೆ ಸಿದ್ಧವಾಗಬೇಕಾಗಿದೆ. "ಇದು ಕಚೇರಿಯ ಕೆಲಸ, ನಮಗೇನು?" ಎಂದು ನೀವು ಕೇಳಬಹುದು. ಸಂಖ್ಯೆಯನ್ನು ಬರೆಯುವುದು ಆಸ್ಪತ್ರೆಯ ಕೆಲಸ, ನಿಜ. ಆದರೆ ಸರಿಯಾದ ಸಂಖ್ಯೆಯನ್ನು ಬರೆಯಲು ಬೇಕಾದ ಸಂಗತಿಗಳು ನಿಮ್ಮ ಬಾಯಿಂದಲೂ ನೀವು ಜೋಪಾನ ಮಾಡಿದ ಚೀಟಿಗಳಿಂದಲೂ ಮಾತ್ರ ದೊರೆಯುತ್ತವೆ. ಈ ಪಾಠದಲ್ಲಿ ಅದನ್ನು ತಿಳಿದುಕೊಳ್ಳೋಣ.

ಕಾಯಿಲೆಗೆ ಸಂಖ್ಯೆ ಏಕೆ ಬೇಕು?

ಒಂದೇ ಹೊಲಕ್ಕೆ ಊರಿನಲ್ಲಿ ಹಲವು ಹೆಸರುಗಳಿರುತ್ತವೆ. ಒಬ್ಬರು ಕೆರೆ ಹಿಂದಿನ ಹೊಲ ಎನ್ನುತ್ತಾರೆ, ಇನ್ನೊಬ್ಬರು ಹುಣಸೆಮರದ ಹೊಲ ಎನ್ನುತ್ತಾರೆ. ಗೊಂದಲವಾಗದಿರಲೆಂದು ಕಂದಾಯ ಇಲಾಖೆಯವರು ಅದಕ್ಕೆ ಸರ್ವೆ ನಂಬರು ಕೊಟ್ಟಿದ್ದಾರೆ. ಅಣ್ಣತಮ್ಮಂದಿರು ಭಾಗವಾದಾಗ ಅದೇ ನಂಬರಿಗೆ ಹಿಸ್ಸಾ ಸೇರುತ್ತದೆ. ಕಾಯಿಲೆಗಳ ಸಂಖ್ಯೆಯೂ ಇದೇ ರೀತಿಯದು. ಮುಖ್ಯ ಕಾಯಿಲೆಗೆ ಒಂದು ಸಂಖ್ಯೆ, ಅದರ ಬಗೆಗಳಿಗೆ ಹಿಸ್ಸಾಗಳು.

ನಮ್ಮ ನಾಡಿನದೇ ಉದಾಹರಣೆಯನ್ನು ನೋಡಿರಿ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಜನರಿಗೂ ಜ್ವರ ಬಂದಿತು. ಜನ ಅದನ್ನು ಮಂಗನ ಕಾಯಿಲೆ ಎಂದರು. ವೈದ್ಯರು ಕ್ಯಾಸನೂರು ಕಾಡಿನ ಕಾಯಿಲೆ ಎಂದರು. ಜಗತ್ತಿನ ಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿ ಅದರ ಸಂಖ್ಯೆ ಎ 98.2. ಹೆಸರು ಯಾವುದೇ ಇರಲಿ, ಈ ಸಂಖ್ಯೆಯನ್ನು ಕಂಡ ಯಾವ ದೇಶದ ವೈದ್ಯರಿಗೂ ಒಂದೇ ಅರ್ಥ ದೊರೆಯುತ್ತದೆ.

ಸಂಖ್ಯೆಯ ಇನ್ನೊಂದು ಉಪಯೋಗ ಎಣಿಕೆ. ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ ಎಷ್ಟು ತಾಯಂದಿರಿಗೆ ಹೆರಿಗೆಯ ನಂತರ ಅತಿಯಾಗಿ ರಕ್ತಸ್ರಾವವಾಯಿತು ಎಂಬುದು ಗೊತ್ತಾದರೆ ಮಾತ್ರ ಅಲ್ಲಿನ ಆಸ್ಪತ್ರೆಗೆ ಎಷ್ಟು ರಕ್ತ, ಎಷ್ಟು ಔಷಧಿ, ಎಷ್ಟು ಸಿಬ್ಬಂದಿ ಬೇಕು ಎಂದು ಲೆಕ್ಕ ಹಾಕಬಹುದು. ಎಣಿಕೆಗೆ ಬಾರದ ಕಷ್ಟಕ್ಕೆ ಪರಿಹಾರ ಬರುವುದು ತಡ.

ಪಟ್ಟಿಯು ಬೆಳೆದುಬಂದ ಬಗೆ

1893ರಲ್ಲಿ ಫ್ರಾನ್ಸ್ ದೇಶದ ಜಾಕ್ ಬರ್ಟಿಲಾನ್ ಎಂಬವರು ಸಾವಿನ ಕಾರಣಗಳ ಪಟ್ಟಿಯೊಂದನ್ನು ವಿದ್ವಾಂಸರ ಮುಂದಿಟ್ಟರು. 1948ರಲ್ಲಿ ಆರನೆಯ ಆವೃತ್ತಿಯ ವೇಳೆಗೆ ವಿಶ್ವ ಆರೋಗ್ಯ ಸಂಸ್ಥೆಯು ಅದರ ಹೊಣೆ ಹೊತ್ತಿತು. ಅಂದಿನಿಂದ ಸಾವಿನ ಕಾರಣಗಳ ಜೊತೆಗೆ ಕಾಯಿಲೆಗಳೂ ಪಟ್ಟಿಯಲ್ಲಿ ಸೇರಿದವು. ಹತ್ತನೆಯ ಆವೃತ್ತಿಗೆ 1990ರಲ್ಲಿ ಒಪ್ಪಿಗೆ ದೊರೆಯಿತು. ಹನ್ನೊಂದನೆಯ ಆವೃತ್ತಿಯನ್ನು 2019ರ ಮೇ ತಿಂಗಳಲ್ಲಿ ಸದಸ್ಯ ರಾಷ್ಟ್ರಗಳು ಅಂಗೀಕರಿಸಿದವು. ಅದು 2022ರ ಜನವರಿ 1ರಿಂದ ಜಾರಿಗೆ ಬಂದಿತು. ದೇಶಗಳು ತಮ್ಮ ತಮ್ಮ ಸಿದ್ಧತೆಗೆ ತಕ್ಕಂತೆ ಒಂದೊಂದಾಗಿ ಅದನ್ನು ಅಳವಡಿಸಿಕೊಳ್ಳುತ್ತಿವೆ. 2024ರ ಜನವರಿಯಲ್ಲಿ ಆಯುರ್ವೇದ, ಸಿದ್ಧ ಮತ್ತು ಯುನಾನಿ ಪದ್ಧತಿಗಳ ರೋಗನಾಮಗಳಿಗೂ ಈ ಆವೃತ್ತಿಯಲ್ಲಿ ಸ್ಥಾನ ಕಲ್ಪಿಸಿದ ಭಾಗವನ್ನು ದೆಹಲಿಯಲ್ಲಿ ಬಿಡುಗಡೆ ಮಾಡಲಾಯಿತು.

ಹಳೆಯ ಸಂಖ್ಯೆ, ಹೊಸ ಸಂಖ್ಯೆ

ನಿಮ್ಮ ಮನೆಯ ಹಿರಿಯರಿಗೆ ಆಣೆಯ ಲೆಕ್ಕ ನೆನಪಿರಬಹುದು. 1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ರೂಪಾಯಿಗೆ ಹದಿನಾರಾಣೆ ಎಂಬ ಲೆಕ್ಕ ಹೋಗಿ ನೂರು ನಯಾಪೈಸೆ ಎಂಬ ಲೆಕ್ಕ ಬಂದಿತು. ನಾಲ್ಕಾಣೆಗೆ ಸರಿಯಾಗಿ 25 ಪೈಸೆ, ಎಂಟಾಣೆಗೆ 50 ಪೈಸೆ. ಇಲ್ಲಿ ತೊಡಕಿಲ್ಲ. ಆದರೆ ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಇರಲಿಲ್ಲ. ಆದುದರಿಂದ ಎಲ್ಲ ಹಳೆಯ ನಾಣ್ಯಗಳಿಗೂ ಸರಿಸಮವಾದ ಹೊಸ ನಾಣ್ಯ ದೊರೆಯಲಿಲ್ಲ. ಕೆಲವು ಕಾಲ ಎರಡೂ ಬಗೆಯ ನಾಣ್ಯಗಳು ಸಂತೆಯಲ್ಲಿ ಒಟ್ಟಿಗೆ ಓಡಾಡಿದವು.

ಕಾಯಿಲೆಗಳ ಸಂಖ್ಯೆಗಳೂ ಹೀಗೆಯೇ. ಹೆರಿಗೆಯ ನಂತರದ ಅತಿ ರಕ್ತಸ್ರಾವಕ್ಕೆ ಹಳೆಯ ಸಂಖ್ಯೆ ಓ 72, ಹೊಸ ಸಂಖ್ಯೆ ಜೆಎ 43. ಕಬ್ಬಿಣಾಂಶದ ಕೊರತೆಯ ರಕ್ತಹೀನತೆಗೆ ಹಳೆಯದು ಡಿ 50, ಹೊಸದು 3ಎ00. ಇವು ನಾಲ್ಕಾಣೆಯಂತೆ ಸುಲಭವಾಗಿ ಹೊಂದುತ್ತವೆ. ಇನ್ನು ಕೆಲವು ಒಂದಾಣೆಯಂತೆ. ಹಳೆಯ ಒಂದು ಸಂಖ್ಯೆ ಹೊಸದರಲ್ಲಿ ಎರಡು ಮೂರಾಗಿ ಒಡೆಯುತ್ತದೆ, ಅಥವಾ ಎರಡು ಸಂಖ್ಯೆಗಳನ್ನು ಜೋಡಿಸಿ ಬರೆಯಬೇಕಾಗುತ್ತದೆ. ಅಂತಹ ಕಡೆ ಹಳೆಯ ಸಂಖ್ಯೆಯನ್ನು ನೋಡಿ ಹೊಸದನ್ನು ಬರೆಯಲಾಗದು. ರೋಗಿಯ ಕಡತವನ್ನೇ ತೆರೆದು ಓದಬೇಕು.

ಹೊಸ ಪಟ್ಟಿಯಲ್ಲಿ ಅನುಕೂಲಗಳೂ ಇವೆ. ಹಳೆಯ ಪಟ್ಟಿಯಲ್ಲಿ ಗರ್ಭ ಮತ್ತು ಹೆರಿಗೆಯ ಅಧ್ಯಾಯಕ್ಕೆ ಇಂಗ್ಲಿಷಿನ ಓ ಅಕ್ಷರವಿತ್ತು. ಕೈಬರಹದಲ್ಲಿ ಅದು ಸೊನ್ನೆಯಂತೆ ಕಾಣುತ್ತಿತ್ತು. ಹೊಸ ಪಟ್ಟಿಯಲ್ಲಿ ಸೊನ್ನೆಯನ್ನು ಹೋಲುವ ಓ, ಒಂದನ್ನು ಹೋಲುವ ಐ ಎಂಬ ಅಕ್ಷರಗಳನ್ನು ಈ ಸಂಖ್ಯೆಗಳಲ್ಲಿ ಬಳಸುವುದೇ ಇಲ್ಲ.

ಸಂಖ್ಯೆ ತಪ್ಪಿದರೆ ಸಂಸಾರಕ್ಕೆ ಏನಾದೀತು?

ಮೂರು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ಹೆರಿಗೆಯ ರಕ್ತಸ್ರಾವ. ಒಮ್ಮೆ ಹೆರಿಗೆಯ ನಂತರ ಅತಿಯಾಗಿ ರಕ್ತ ಹೋದ ತಾಯಿಗೆ ಮುಂದಿನ ಹೆರಿಗೆಯಲ್ಲಿಯೂ ಹಾಗಾಗುವ ಸಂಭವ ಉಳಿದವರಿಗಿಂತ ಹೆಚ್ಚು. ಅಂತಹವರು ರಕ್ತ ದೊರೆಯುವ ಆಸ್ಪತ್ರೆಯಲ್ಲಿಯೇ ಹೆರಿಗೆಯಾಗುವುದು ಅತ್ಯವಶ್ಯಕ. ಅಗತ್ಯವಿದ್ದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಮುಂಚಿತವಾಗಿಯೇ ಹೋಗಬೇಕಾಗಬಹುದು. ಆಕೆಯ ಮೊದಲ ಹೆರಿಗೆಯ ದಾಖಲೆಯಲ್ಲಿ "ಸಹಜ ಹೆರಿಗೆ" ಎಂಬ ಸಂಖ್ಯೆ ಮಾತ್ರ ಉಳಿದು ರಕ್ತಸ್ರಾವದ ಸಂಖ್ಯೆ ಬಿಟ್ಟುಹೋದರೆ, ಎರಡನೆಯ ಹೆರಿಗೆಯ ವೈದ್ಯರಿಗೆ ಎಚ್ಚರಿಕೆ ದೊರೆಯುವುದಿಲ್ಲ. ಕಬಿನಿ ಹಿನ್ನೀರಿನ ಆಚೆಯ ಊರಿನಿಂದ ನಡುರಾತ್ರಿ ವಾಹನ ಹುಡುಕುವ ಕುಟುಂಬಕ್ಕೆ ಇದರ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ.

ಎರಡನೆಯದು ಸಿಕಲ್ ಸೆಲ್ ರಕ್ತಹೀನತೆ. ರಕ್ತದ ಕೆಂಪುಕಣಗಳು ಕುಡುಗೋಲಿನಂತೆ ಬಾಗುವ ಈ ಕಾಯಿಲೆ ವಂಶಪಾರಂಪರ್ಯವಾದುದು. ಬುಡಕಟ್ಟು ಜನರಲ್ಲಿ ಇದು ಹೆಚ್ಚಾಗಿರುವುದರಿಂದ 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನದಡಿ ತಪಾಸಣೆ ನಡೆಯುತ್ತಿದೆ. ಹೆಗ್ಗಡದೇವನಕೋಟೆ, ಹುಣಸೂರು ಮತ್ತು ಪಿರಿಯಾಪಟ್ಟಣ ತಾಲ್ಲೂಕುಗಳ ಹಾಡಿಗಳ ಜನರು ಇದನ್ನು ವಿಶೇಷವಾಗಿ ಗಮನಿಸಬೇಕು. ಇದರಲ್ಲಿ ರೋಗಿ ಬೇರೆ, ವಾಹಕ ಬೇರೆ. ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಗಂಡ ಹೆಂಡಿರಿಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು, ಎರಡೂ ಇಲ್ಲದಿರುವ ಸಂಭವ ನಾಲ್ಕರಲ್ಲಿ ಒಂದು.

ಈಗ ಸಂಖ್ಯೆಗಳನ್ನು ನೋಡಿರಿ. ಹಳೆಯ ಪಟ್ಟಿಯಲ್ಲಿ ಡಿ 57.0 ಎಂದರೆ ನೋವು ಉಲ್ಬಣಿಸಿ ಸಂಕಟದಲ್ಲಿರುವ ರೋಗಿ. ವಾಹಕರಿಗೆ ಡಿ 57.3. ಹೊಸ ಪಟ್ಟಿಯಲ್ಲಿ 3ಎ51.0 ಎಂದರೆ ವಾಹಕ. ಉಲ್ಬಣ ಸ್ಥಿತಿಯ ರೋಗಿಗೆ 3ಎ51.2. ಹಳೆಯದರಲ್ಲಿ ಕೊನೆಯ ಸೊನ್ನೆ ತೀವ್ರ ರೋಗವನ್ನು ಸೂಚಿಸುತ್ತಿತ್ತು. ಹೊಸದರಲ್ಲಿ ಅದೇ ಸೊನ್ನೆ ವಾಹಕನನ್ನು ಸೂಚಿಸುತ್ತದೆ. ಅಭ್ಯಾಸಬಲದಿಂದ ಕೊನೆಯ ಅಂಕಿಯನ್ನು ಹಾಗೆಯೇ ಇಳಿಸಿಕೊಂಡರೆ ರೋಗಿಯು ವಾಹಕನಾಗಿಬಿಡುತ್ತಾನೆ. ಚಿಕಿತ್ಸೆ ಬೇಕಾದವನ ಹೆಸರು ಚಿಕಿತ್ಸೆಯ ಪಟ್ಟಿಯಿಂದ ಹೊರಗುಳಿಯುತ್ತದೆ. ಸಿದ್ಧತೆಯಿಲ್ಲದೆ ಸಂಖ್ಯೆಯನ್ನು ಬದಲಾಯಿಸಬಾರದು ಎನ್ನುವುದು ಇದಕ್ಕಾಗಿಯೇ.

ಮೂರನೆಯದು ಹೊಗೆಸೊಪ್ಪಿನ ಕೆಲಸ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಬೇಸಾಯ ಹೆಚ್ಚು. ಮಳೆಯಲ್ಲಿ ಅಥವಾ ಇಬ್ಬನಿಯಲ್ಲಿ ನೆನೆದ ಹಸಿರೆಲೆಯನ್ನು ಬರಿಗೈಯಿಂದ ಮುರಿದು ತೋಳಿನ ಮೇಲೆ ಪೇರಿಸಿಕೊಂಡು ಬ್ಯಾರನ್‌ಗೆ ಹೊರುವಾಗ ಎಲೆಯ ನಿಕೋಟಿನ್ ವಿಷ ಚರ್ಮದ ಮೂಲಕ ಮೈಗೆ ಸೇರುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ, ತಲೆನೋವು ಕಾಣಿಸಿಕೊಳ್ಳುತ್ತವೆ. ಕೆಲಸ ಮಾಡಿದಾಕೆ ಗರ್ಭಿಣಿಯಾಗಿದ್ದರೆ "ಬಸುರಿಯ ವಾಂತಿ" ಎಂದು ಮನೆಯವರು ಸುಮ್ಮನಾಗುತ್ತಾರೆ. ಆಸ್ಪತ್ರೆಯಲ್ಲಿಯೂ ಆಕೆ ಹೊಗೆಸೊಪ್ಪು ಮುರಿದ ಸಂಗತಿಯನ್ನು ಹೇಳದಿದ್ದರೆ ಬಸುರಿಯ ವಾಂತಿಯ ಸಂಖ್ಯೆಯೇ ದಾಖಲಾಗುತ್ತದೆ. ಹೊಗೆಸೊಪ್ಪು ಮತ್ತು ನಿಕೋಟಿನ್ ವಿಷಕ್ಕೆ ಹಳೆಯ ಪಟ್ಟಿಯಲ್ಲಿಯೇ ಟಿ 65.2 ಎಂಬ ಪ್ರತ್ಯೇಕ ಸಂಖ್ಯೆಯಿದೆ. ಆದರೆ ಹೇಳುವವರಿಲ್ಲದಿದ್ದರೆ ಬರೆಯುವವರು ಏನು ಮಾಡಿಯಾರು? ಗರ್ಭಿಣಿಯರು ನೆನೆದ ಎಲೆಯ ಕೆಲಸದಿಂದ ದೂರವಿರುವುದೇ ಕ್ಷೇಮ. ಉಳಿದವರು ಎಲೆಯ ತೇವ ಆರಿದ ಮೇಲೆ, ನೀರು ಹೀರದ ಕೈಗವಸು ಮತ್ತು ತುಂಬುತೋಳಿನ ಬಟ್ಟೆ ಧರಿಸಿ ಕೆಲಸ ಮಾಡಬೇಕು. ನಂತರ ಸೋಪು ಹಚ್ಚಿ ಕೈಕಾಲು ತೊಳೆಯಬೇಕು.

ಆಸ್ಪತ್ರೆಯು ಕೈಗೊಳ್ಳಬೇಕಾದ ಸಿದ್ಧತೆ

ಸಸಿಮಡಿ ಮಾಡದೆ ನಾಟಿಗೆ ಇಳಿಯುವ ರೈತನಿಲ್ಲ. ಆಸ್ಪತ್ರೆಯೂ ಹಂತಹಂತವಾಗಿ ಮುಂದುವರಿಯಬೇಕು. ಆ ಹಂತಗಳು ಹೀಗಿವೆ:

1. ಹೊಣೆಗಾರರ ನೇಮಕ. ಆಡಳಿತ ವೈದ್ಯಾಧಿಕಾರಿ, ಹೆರಿಗೆ ವಿಭಾಗದ ವೈದ್ಯರು, ಶುಶ್ರೂಷಕಿಯರು, ಪ್ರಯೋಗಾಲಯ ಮತ್ತು ದಾಖಲೆ ವಿಭಾಗದವರು, ಗಣಕಯಂತ್ರ ನೋಡಿಕೊಳ್ಳುವವರು ಒಂದು ಸಮಿತಿಯಾಗಿ ಸೇರಬೇಕು. ದಾಖಲೆ ವಿಭಾಗದವರ ತಲೆಗೆ ಮಾತ್ರ ಇದನ್ನು ಕಟ್ಟಬಾರದು.

2. ಸ್ಥಳೀಯ ಪಟ್ಟಿಯ ತಯಾರಿ. ಹೊಸ ಆವೃತ್ತಿಯಲ್ಲಿ ಸುಮಾರು 17,000 ವಿಭಾಗಗಳಿವೆ. ತಾಲ್ಲೂಕು ಆಸ್ಪತ್ರೆಗೆ ಪದೇ ಪದೇ ಬರುವ ಕಾಯಿಲೆಗಳು ಅದರಲ್ಲಿ ಒಂದು ಸಣ್ಣ ಭಾಗ. ಅವುಗಳ ಹಳೆಯ ಮತ್ತು ಹೊಸ ಸಂಖ್ಯೆಗಳನ್ನು ಎದುರುಬದುರು ಬರೆದು, ಸರಿಯಾಗಿ ಹೊಂದದವುಗಳನ್ನು ಗುರುತಿಸಿಡಬೇಕು.

3. ತರಬೇತಿ. ಮೊದಲು ವೈದ್ಯರಿಗೆ, ಅನಂತರ ದಾಖಲೆ ವಿಭಾಗಕ್ಕೆ. ವೈದ್ಯರು "ರಕ್ತಹೀನತೆ" ಎಂದಷ್ಟೇ ಬರೆದರೆ ಸಂಖ್ಯೆ ಕೊಡುವವರು ಊಹಿಸಬೇಕಾಗುತ್ತದೆ. ಯಾವ ರಕ್ತಹೀನತೆ, ಎಷ್ಟು ತೀವ್ರ, ಗರ್ಭಿಣಿಯೇ ಅಲ್ಲವೇ ಎಂದು ಸ್ಪಷ್ಟವಾಗಿ ಬರೆಯಬೇಕು.

4. ಎರಡೂ ಸಂಖ್ಯೆಗಳ ಅವಧಿ. ಕೆಲವು ತಿಂಗಳು ಒಂದೇ ಕಡತಕ್ಕೆ ಹಳೆಯ ಮತ್ತು ಹೊಸ ಸಂಖ್ಯೆಗಳೆರಡನ್ನೂ ಬರೆಯಬೇಕು. ಅದೇ ಕಡತಕ್ಕೆ ಇಬ್ಬರು ಬೇರೆ ಬೇರೆಯಾಗಿ ಸಂಖ್ಯೆ ಕೊಟ್ಟು, ಒಂದೇ ಉತ್ತರ ಬರುವುದೇ ಎಂದು ಪರೀಕ್ಷಿಸಬೇಕು.

5. ಜಾರಿಯ ದಿನ. ಜನನ ಮರಣಗಳ ಅಂಕಿಅಂಶಗಳು ಜನವರಿಯಿಂದ ಡಿಸೆಂಬರ್‌ವರೆಗಿನ ವರ್ಷದಂತೆ ಸಿದ್ಧವಾಗುತ್ತವೆ. ಆದುದರಿಂದ ಜನವರಿ 1ರಂದು ಆರಂಭಿಸುವುದು ಅನುಕೂಲ. ವರ್ಷದ ನಡುವೆ ಬದಲಾಯಿಸಿದರೆ ಒಂದೇ ವರ್ಷದ ಲೆಕ್ಕ ಎರಡು ಭಾಷೆಯಲ್ಲಿ ಇರುತ್ತದೆ.

6. ನಂತರದ ಪರಿಶೀಲನೆ. ಸಂಖ್ಯೆ ಬದಲಾದ ವರ್ಷ ಒಂದು ಕಾಯಿಲೆ ದಿಢೀರನೆ ಹೆಚ್ಚಿದಂತೆ ಅಥವಾ ಇಳಿದಂತೆ ಕಾಣಬಹುದು. ಕೃಷ್ಣರಾಜನಗರದಲ್ಲಿ ಒಂದು ವರ್ಷ 60 ಇದ್ದ ಎಣಿಕೆ ಮರುವರ್ಷ 40 ಆಯಿತೆಂದಿಟ್ಟುಕೊಳ್ಳೋಣ. ನಿಜವಾಗಿ ಕಾಯಿಲೆ ಕಡಿಮೆಯಾಯಿತೋ, ಉಳಿದ 20 ಬೇರೆ ಸಂಖ್ಯೆಯ ಕೆಳಗೆ ಸೇರಿತೋ ಎಂದು ನೋಡದೆ ಔಷಧಿಯ ಬೇಡಿಕೆಯನ್ನು ಇಳಿಸಬಾರದು.

ಸಾವಿನ ಕಾರಣವನ್ನು ಸರಿಯಾಗಿ ತಿಳಿಸುವುದು

ದುಃಖದ ವಿಷಯವಾದರೂ ಇದನ್ನು ಹೇಳಲೇಬೇಕು. 1969ರ ಜನನ ಮತ್ತು ಮರಣ ನೋಂದಣಿ ಕಾಯಿದೆಯ ಪ್ರಕಾರ ಪ್ರತಿಯೊಂದು ಜನನವನ್ನೂ ಮರಣವನ್ನೂ 21 ದಿನಗಳೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ಮೃತಪಟ್ಟವರಿಗೆ ವೈದ್ಯರು ನಮೂನೆ 4ರಲ್ಲಿ ಸಾವಿನ ಕಾರಣವನ್ನು ಪ್ರಮಾಣೀಕರಿಸುತ್ತಾರೆ. 2023ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಅದರ ಪ್ರತಿಯನ್ನು ಹತ್ತಿರದ ಬಂಧುವಿಗೂ ಕೊಡಬೇಕು.

ಈ ನಮೂನೆಯಲ್ಲಿ "ಹೃದಯ ನಿಂತಿತು", "ಉಸಿರು ನಿಂತಿತು" ಎಂದು ಬರೆದರೆ ಸಾಲದು. ಸಾಯುವ ಪ್ರತಿಯೊಬ್ಬರ ಹೃದಯವೂ ನಿಲ್ಲುತ್ತದೆ. ಅದು ನಿಲ್ಲಲು ಮೂಲ ಕಾರಣವೇನು ಎಂಬುದೇ ಮುಖ್ಯ. ಮೃತಳು ಸ್ತ್ರೀಯಾಗಿದ್ದರೆ ಆಕೆಯ ಸಾವಿಗೆ ಗರ್ಭದ ಸಂಬಂಧವಿತ್ತೇ, ಹೆರಿಗೆಯಾಗಿತ್ತೇ ಎಂಬ ಪ್ರಶ್ನೆಯೂ ನಮೂನೆಯಲ್ಲಿದೆ. ಗರ್ಭಿಣಿಯಾಗಿದ್ದಾಗ, ಅಥವಾ ಹೆರಿಗೆಯೋ ಗರ್ಭಪಾತವೋ ಆದ 42 ದಿನಗಳೊಳಗೆ, ಗರ್ಭಕ್ಕೆ ಅಥವಾ ಅದರ ಚಿಕಿತ್ಸೆಗೆ ಸಂಬಂಧಿಸಿದ ಕಾರಣದಿಂದ ಆದ ಸಾವನ್ನು ತಾಯಿಮರಣವೆಂದು ಪರಿಗಣಿಸಲಾಗುತ್ತದೆ. ತವರಿನಲ್ಲಿ ಹೆರಿಗೆಯಾಗಿ ಮೂರು ವಾರದ ಬಾಣಂತಿ ಜ್ವರದಿಂದ ತೀರಿಕೊಂಡಾಗ ಮನೆಯವರು "ಜ್ವರ ಬಂದಿತ್ತು" ಎಂದಷ್ಟೇ ಹೇಳಿದರೆ ಆ ಸಾವು ತಾಯಿಮರಣದ ಲೆಕ್ಕದಿಂದ ಜಾರಿಹೋಗುತ್ತದೆ. ಇನ್ನೊಬ್ಬ ಬಾಣಂತಿಯನ್ನು ಉಳಿಸುವ ದಾರಿಯೂ ಅಲ್ಲಿಗೆ ಮುಚ್ಚಿಹೋಗುತ್ತದೆ.

ದಂಪತಿಗಳು ಮಾಡಬೇಕಾದುದು

ಆಸ್ಪತ್ರೆಯ ಪಟ್ಟಿ ಬದಲಾಗುವ ಕಾಲದಲ್ಲಿ ಈ ಕೆಳಗಿನ ವಿಷಯಗಳನ್ನು ನೆನಪಿನಲ್ಲಿಡಿರಿ.

1. ತಾಯಿ ಕಾರ್ಡು, ಹಳೆಯ ಬಿಡುಗಡೆ ಚೀಟಿಗಳು, ರಕ್ತಪರೀಕ್ಷೆಯ ವರದಿಗಳು, ಸಿಕಲ್ ಸೆಲ್ ತಪಾಸಣೆಯ ಕಾರ್ಡು ಇವನ್ನು ಒಂದೇ ಚೀಲದಲ್ಲಿ, ನೀರು ತಾಗದ ಜಾಗದಲ್ಲಿ ಇಡಿರಿ. ಸಂಖ್ಯೆ ಬದಲಾಯಿತೆಂದು ಯಾವುದನ್ನೂ ಎಸೆಯಬೇಡಿರಿ.

2. ವಂಕಿ ಅಳವಡಿಸಿದ ಕಾರ್ಡನ್ನು ಕಳೆಯಬೇಡಿರಿ. ವಂಕಿ ಅಳವಡಿಕೆಗೆ ಹಳೆಯ ಪಟ್ಟಿಯ ಸಂಖ್ಯೆ ಝಡ್ 30.1. ಆದರೆ ನಿಮಗೆ ಹಾಕಿದುದು ಹತ್ತು ವರ್ಷ ಬಾಳುವ 380 ಎ ಬಗೆಯದೋ, ಐದು ವರ್ಷ ಬಾಳುವ 375 ಬಗೆಯದೋ ಎಂದು ಆ ಸಂಖ್ಯೆ ಹೇಳದು. ಕಾರ್ಡಿನ ಮೇಲಿನ ಬಗೆ ಮತ್ತು ದಿನಾಂಕ ಮಾತ್ರ ಹೇಳುತ್ತವೆ.

3. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಸ್ತ್ರೀಯರಾಗಲಿ ಪುರುಷರಾಗಲಿ, ಅದರ ಪ್ರಮಾಣಪತ್ರವನ್ನು ಜೋಪಾನ ಮಾಡಬೇಕು.

4. ಹಿಂದಿನ ಹೆರಿಗೆಗಳ ವಿವರವನ್ನು ಮುಚ್ಚಿಡದೆ ಹೇಳಿರಿ. ರಕ್ತ ಹೋದುದು, ರಕ್ತದೊತ್ತಡ ಏರಿದುದು, ಫಿಟ್ಸ್ ಬಂದುದು, ಶಸ್ತ್ರಚಿಕಿತ್ಸೆಯ ಹೆರಿಗೆ, ಗರ್ಭಪಾತ, ತೀರಿಕೊಂಡ ಮಗು, ಎಲ್ಲವನ್ನೂ ತಿಳಿಸಿರಿ. ಹೆಂಡತಿಗೆ ಹೇಳಲು ಸಂಕೋಚವಾದರೆ ಗಂಡ ಜೊತೆಯಲ್ಲಿ ನಿಂತು ಹೇಳಲಿ. ಅತ್ತೆಯ ಅಥವಾ ನೆರೆಯವರ ಎದುರು ಹೇಳಲಾಗದಿದ್ದರೆ ಒಬ್ಬಳೇ ಮಾತನಾಡಬೇಕೆಂದು ಶುಶ್ರೂಷಕಿಗೆ ತಿಳಿಸಲಿ.

5. ಮಾಡುವ ಕೆಲಸವನ್ನೂ ಹೇಳಿರಿ. ಹೊಗೆಸೊಪ್ಪು ಮುರಿದುದು, ಬೆಳೆಗೆ ಔಷಧಿ ಹೊಡೆದುದು, ಕಾಡಿಗೆ ಹೋಗಿ ಬಂದುದು ಕಾಯಿಲೆಯ ಕಾರಣವನ್ನು ತಿಳಿಯಲು ನೆರವಾಗುತ್ತದೆ.

6. ಬಿಡುಗಡೆಯ ದಿನ ಚೀಟಿಯನ್ನು ಓದಿಸಿಕೊಳ್ಳಿರಿ. ಹೆಸರು, ವಯಸ್ಸು, ಊರು, ಕಾಯಿಲೆ ಸರಿಯಾಗಿವೆಯೇ ಎಂದು ಅಲ್ಲಿಯೇ ಕೇಳಿರಿ. ಪಹಣಿಯಲ್ಲಿ ಒಂದು ಅಕ್ಷರ ತಪ್ಪಿದರೆ ತಾಲ್ಲೂಕು ಕಚೇರಿಗೆ ಎಷ್ಟು ಸಲ ಅಲೆಯಬೇಕೆಂಬುದು ನಿಮಗೆ ತಿಳಿದೇ ಇದೆ. ಆಸ್ಪತ್ರೆಯ ದಾಖಲೆಯನ್ನು ಮನೆಗೆ ಹೊರಡುವ ಮುನ್ನವೇ ತಿದ್ದಿಸುವುದು ಸುಲಭ.

ಕೆಲವು ಪ್ರಶ್ನೆಗಳು, ಉತ್ತರಗಳು

ಪ್ರಶ್ನೆ: ಸಂಖ್ಯೆ ಬದಲಾದರೆ ನಮ್ಮ ಔಷಧಿಯೂ ಬದಲಾಗುವುದೇ?
ಉತ್ತರ: ಇಲ್ಲ. ಆಣೆ ಹೋಗಿ ಪೈಸೆ ಬಂದಾಗ ಅಕ್ಕಿ ಬದಲಾಗಲಿಲ್ಲ. ಕಾಯಿಲೆಯೂ ಚಿಕಿತ್ಸೆಯೂ ಮೊದಲಿನಂತೆಯೇ ಇರುತ್ತವೆ.

ಪ್ರಶ್ನೆ: ಇದು ಆಧಾರ್ ಸಂಖ್ಯೆಯೇ? ಆಭಾ ಸಂಖ್ಯೆಯೇ?
ಉತ್ತರ: ಎರಡೂ ಅಲ್ಲ. 12 ಅಂಕಿಗಳ ಆಧಾರ್, 14 ಅಂಕಿಗಳ ಆಭಾ ಇವು ವ್ಯಕ್ತಿಯ ಸಂಖ್ಯೆಗಳು. ಇಲ್ಲಿ ಹೇಳಿದುದು ಕಾಯಿಲೆಯ ಸಂಖ್ಯೆ. ಒಂದೇ ಕಾಯಿಲೆಯ ಸಾವಿರ ಜನರಿಗೂ ಒಂದೇ ಸಂಖ್ಯೆ.

ಪ್ರಶ್ನೆ: ಸಂಖ್ಯೆಯ ಮೂಲಕ ನಮ್ಮ ಗುಟ್ಟು ಊರಿಗೆ ತಿಳಿದೀತೇ?
ಉತ್ತರ: ರೋಗಿಯ ದಾಖಲೆಯನ್ನು ಗೋಪ್ಯವಾಗಿಡುವುದು ಆಸ್ಪತ್ರೆಯ ಕರ್ತವ್ಯ. ವೈದ್ಯಕೀಯ ಗರ್ಭಪಾತ ಮಾಡಿಸಿಕೊಂಡ ಸ್ತ್ರೀಯ ಹೆಸರನ್ನು ಬಹಿರಂಗಪಡಿಸದಂತೆ ಕಾನೂನೇ ಇದೆ. ಮೇಲಿನ ಕಚೇರಿಗೆ ಹೋಗುವ ಎಣಿಕೆಯ ತಖ್ತೆಯಲ್ಲಿ ಎಷ್ಟು ಜನ ಎಂಬುದಿರುತ್ತದೆ, ಯಾರು ಎಂಬುದಿರುವುದಿಲ್ಲ.

ಪ್ರಶ್ನೆ: ನಮಗೆ ಓದು ಬಾರದು. ಈ ಸಂಖ್ಯೆಗಳನ್ನು ನೆನಪಿಡಬೇಕೇ?
ಉತ್ತರ: ಬೇಕಾಗಿಲ್ಲ. ಏನಾಯಿತು, ಯಾವಾಗ ಆಯಿತು, ಎಲ್ಲಿ ಚಿಕಿತ್ಸೆ ಪಡೆದಿರಿ ಎಂಬುದನ್ನು ನೆನಪಿಟ್ಟರೆ ಸಾಕು. ಚೀಟಿಯನ್ನು ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಸಹಾಯಕಿಯಿಂದ ಓದಿಸಿಕೊಳ್ಳಿರಿ.

ದಂಪತಿಗಳೇ, ಪಟ್ಟಿಗಳು ಹಿಂದೆಯೂ ಬದಲಾಗಿವೆ, ಮುಂದೆಯೂ ಬದಲಾಗುತ್ತವೆ. ಸಂಖ್ಯೆಯನ್ನು ಎಚ್ಚರಿಕೆಯಿಂದ ಬದಲಾಯಿಸುವುದು ನಮ್ಮ ಹೊಣೆ. ನಡೆದುದನ್ನು ನಡೆದಂತೆ ಹೇಳುವುದು, ಕಾಗದಗಳನ್ನು ಕಾಪಾಡುವುದು ನಿಮ್ಮ ಹೊಣೆ. ಮುಂದಿನ ಸಲ ಆಸ್ಪತ್ರೆಗೆ ಹೊರಡುವಾಗ ಬುತ್ತಿಯ ಜೊತೆಗೆ ಹಳೆಯ ಚೀಟಿಗಳ ಚೀಲವನ್ನೂ ಮರೆಯದೆ ಕೈಗೆತ್ತಿಕೊಳ್ಳಿರಿ.